ಬೇಕೆಂದು ಮಾಡಿದವನು: ‘ಹೆಕೋನ್’ ಎಂಬ ಗ್ರೀಕ್ ಪದದ ಬಗ್ಗೆ ಓದುಗರ ಪ್ರಶ್ನೆಗಳು

ಸಾಕ್ರೆಟಿಸನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಯಾರೂ ಬೇಕೆಂದು ತಪ್ಪು ಮಾಡುವುದಿಲ್ಲ’ ಎಂಬ ಮಾತನ್ನು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಉಲ್ಲೇಖಿಸಿದ್ದೆವು. ಅದರ ಗ್ರೀಕ್ ರೂಪವನ್ನು ‘ಊದೆಯ್ಸ್ ಹೆಕೋನ್ ಹಮರ್ತನೆಯ್’ ಎಂದು ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೆವು. ನಡುವಿನ ‘ಹೆಕೋನ್’ ಎಂಬ ಪದದ ಬಗ್ಗೆಯೇ ನಾಲ್ಕು ಪತ್ರಗಳು ಬಂದಿರುವುದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಿಘಂಟಿನಲ್ಲಿ ‘ಹೆಕೋನ್’ ಎಂಬುದನ್ನು ಗುಣವಾಚಕವೆಂದು ಹೇಳಿದೆ. ಆದರೆ ನೀವು ಅದನ್ನು ‘ಬೇಕೆಂದು’ ಎಂದು ಕ್ರಿಯಾವಿಶೇಷಣವಾಗಿ ಅನುವಾದಿಸಿದ್ದೀರಿ. ಎರಡರಲ್ಲಿ ಯಾವುದು ಸರಿ? ಈ ಪದದ ಬೇರೆ ಬೇರೆ ರೂಪಗಳು ಯಾವುವು? (ತತ್ತ್ವಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಎರಡೂ ಸರಿ. ಗ್ರೀಕ್ ಭಾಷೆಯಲ್ಲಿ ಅದು ಗುಣವಾಚಕವೇ. ಕನ್ನಡಕ್ಕೆ ಬರುವಾಗ ಬೇರೆ ದಾರಿಯಿಲ್ಲದೆ ಕ್ರಿಯಾವಿಶೇಷಣವಾಗುತ್ತದೆ. ನಿಮ್ಮ ಪ್ರಶ್ನೆಯ ತಿರುಳು ಈ ವ್ಯತ್ಯಾಸದಲ್ಲಿಯೇ ಇರುವುದರಿಂದ ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ.

‘ಅವನು ಬೇಕೆಂದು ಬಂದ’ ಎಂದು ನಾವು ಹೇಳುವಾಗ ‘ಬೇಕೆಂದು’ ಎಂಬುದು ಬರುವ ಕ್ರಿಯೆಗೆ ಅಂಟಿಕೊಳ್ಳುತ್ತದೆ. ಬಂದವನು ಗಂಡಸಾದರೂ ಹೆಂಗಸಾದರೂ, ಒಬ್ಬರಾದರೂ ಹತ್ತು ಮಂದಿಯಾದರೂ ಆ ಪದ ಬದಲಾಗುವುದಿಲ್ಲ. ಗ್ರೀಕರು ಇದೇ ಸಂಗತಿಯನ್ನು ಹೇಳುವಾಗ ಬಂದ ರೀತಿಯನ್ನು ಬಣ್ಣಿಸದೆ ಬಂದ ವ್ಯಕ್ತಿಯನ್ನು ಬಣ್ಣಿಸುತ್ತಿದ್ದರು. ಬಂದವನು ಗಂಡಸಾದರೆ ಹೆಕೋನ್, ಹೆಂಗಸಾದರೆ ಹೆಕೂಸ, ಹಲವು ಗಂಡಸರಾದರೆ ಹೆಕೊಂತೆಸ್, ಹಲವು ಹೆಂಗಸರಾದರೆ ಹೆಕೂಸೈ. ಶಾಲೆಯಲ್ಲಿ ಸಂಸ್ಕೃತ ಓದಿದವರಿಗೆ ‘ಬಾಲಕಃ ಹಸನ್ ಆಗಚ್ಛತಿ, ಬಾಲಿಕಾ ಹಸಂತೀ ಆಗಚ್ಛತಿ’ ಎಂಬಂಥ ವಾಕ್ಯಗಳು ನೆನಪಿರಬಹುದು. ಕನ್ನಡದಲ್ಲಿ ಇಬ್ಬರೂ ‘ನಗುತ್ತಾ’ ಬರುತ್ತಾರೆ. ಸಂಸ್ಕೃತದಲ್ಲಿ ಹುಡುಗ ‘ಹಸನ್’, ಹುಡುಗಿ ‘ಹಸಂತೀ’. ಹೆಕೋನ್ ಎಂಬುದರ ನಡವಳಿಕೆ ಹೆಚ್ಚು ಕಡಿಮೆ ಇದೇ ಬಗೆಯದು. ರೂಪದಲ್ಲಿ ಅದು ವರ್ತಮಾನ ಕೃದಂತದಂತೆಯೇ ಇದೆ. ಆದರೆ ಅದರ ಮೂಲವಾದ ಕ್ರಿಯಾಪದ ಗ್ರೀಕ್ ಭಾಷೆಯಲ್ಲಿ ಉಳಿದಿಲ್ಲ; ಧಾತು ಕಣ್ಮರೆಯಾಗಿ ಕೃದಂತವೊಂದೇ ಉಳಿದುಕೊಂಡಿದೆ.

ಈಗ ರೂಪಗಳು. ಪುಲ್ಲಿಂಗ ಏಕವಚನದಲ್ಲಿ ಪ್ರಥಮಾ ಹೆಕೋನ್, ದ್ವಿತೀಯಾ ಹೆಕೊಂತ, ಷಷ್ಠೀ ಹೆಕೊಂತೊಸ್, ಚತುರ್ಥೀ ಹೆಕೊಂತಿ. ಬಹುವಚನದಲ್ಲಿ ಇದೇ ಕ್ರಮದಲ್ಲಿ ಹೆಕೊಂತೆಸ್, ಹೆಕೊಂತಸ್, ಹೆಕೊಂತೋನ್, ಹೆಕೂಸಿ. ಕೊನೆಯ ರೂಪ ಮಾತ್ರ ಬೇರೆಯಾಗಿ ಕಾಣುತ್ತದೆಯಾದರೂ ಅದರ ಹಿಂದೆ ‘ಹೆಕೊಂತ್-ಸಿ’ ಎಂಬುದೇ ಇದೆ: ಸಕಾರದ ಮುಂದೆ ‘ಂತ್’ ಬಿದ್ದುಹೋಗಿ, ಅದಕ್ಕೆ ಪರಿಹಾರವೆಂಬಂತೆ ಹಿಂದಿನ ಸ್ವರ ದೀರ್ಘವಾಯಿತು. ಸ್ತ್ರೀಲಿಂಗದ ಹೆಕೂಸ ಎಂಬ ರೂಪವೂ ಹೀಗೆಯೇ ಆದದ್ದು. ಅದರ ದ್ವಿತೀಯಾ ಹೆಕೂಸನ್, ಷಷ್ಠೀ ಹೆಕೂಸೇಸ್, ಚತುರ್ಥೀ ಹೆಕೂಸೇ. ನಪುಂಸಕಲಿಂಗದ ಪ್ರಥಮಾ ರೂಪ ಹೆಕೊನ್. ಪುಲ್ಲಿಂಗದ ‘ಹೆಕೋನ್’ಗೂ ನಪುಂಸಕದ ‘ಹೆಕೊನ್’ಗೂ ಇರುವ ಅಂತರ ಒಂದು ಸ್ವರದ ಉದ್ದ ಮಾತ್ರ. ಗ್ರೀಕ್ ಲಿಪಿಯಲ್ಲಿ ಹ್ರಸ್ವ ಒಕಾರಕ್ಕೂ ದೀರ್ಘ ಓಕಾರಕ್ಕೂ ಪ್ರತ್ಯೇಕ ಅಕ್ಷರಗಳಿವೆ, ಕನ್ನಡದಲ್ಲಿಯೂ ಇವೆ. ಎ-ಏ, ಒ-ಓ ಭೇದವಿರುವ ನಮ್ಮ ಲಿಪಿಯಲ್ಲಿ ಗ್ರೀಕ್ ಪದಗಳನ್ನು ಬರೆಯುವುದು ಎಷ್ಟು ಸಲೀಸೆಂಬುದು ನನಗೆ ಪ್ರತಿಸಲವೂ ಸಂತೋಷ ಕೊಡುವ ಸಂಗತಿ.

ಇದರ ವಿರುದ್ಧ ಪದ, ಅಂದರೆ ‘ಇಷ್ಟವಿಲ್ಲದೆ ಮಾಡುವವನು’, ಹೋಮರನಲ್ಲಿ ‘ಅಎಕೋನ್’ ಎಂದಿದೆ. ಅಥೆನ್ಸಿನ ಭಾಷೆಯಲ್ಲಿ ಮೊದಲ ಎರಡು ಸ್ವರಗಳು ಕೂಡಿಕೊಂಡು ಆಕೋನ್, ಆಕೂಸ, ಆಕೊನ್ ಎಂದಾಗಿವೆ. ಇವೆರಡೂ ಮುಖ್ಯವಾಗಿ ವ್ಯಕ್ತಿಗಳಿಗೆ ಅನ್ವಯಿಸುವ ಪದಗಳು. ಕೃತ್ಯಕ್ಕೆ, ಅಪರಾಧಕ್ಕೆ, ದಾನಕ್ಕೆ ವಿಶೇಷಣ ಬೇಕಾದಾಗ ಹೆಕೂಸಿಯೊಸ್, ಆಕೂಸಿಯೊಸ್ ಎಂಬ ಸಾಧಿತ ಪದಗಳನ್ನು ಬಳಸುತ್ತಾರೆ. ಹಾಗೆಂದು ಕವಿಗಳು ಈ ಗೆರೆಯೊಳಗೆ ನಿಲ್ಲುವುದಿಲ್ಲ. ಸೋಫೋಕ್ಲಿಸನ ‘ದೊರೆ ಈಡಿಪಸ್’ ನಾಟಕದಲ್ಲಿ, ಅರಮನೆಯೊಳಗೆ ಈಡಿಪಸ್ ತನ್ನ ಕಣ್ಣುಗಳನ್ನು ತಾನೇ ಕಿತ್ತುಕೊಂಡ ಸುದ್ದಿಯನ್ನು ತರುವ ದೂತ, ಈಗ ಬೆಳಕಿಗೆ ಬರಲಿರುವ ಕೇಡುಗಳನ್ನು ‘ಹೆಕೊಂತ’, ‘ಆಕೊಂತ ಅಲ್ಲ’ ಎಂದು ನಪುಂಸಕ ಬಹುವಚನದಲ್ಲಿ ಹೇಳುತ್ತಾನೆ. ಕೇಡುಗಳಿಗೆ ಇಚ್ಛೆಯಿಲ್ಲ, ಮಾಡಿಕೊಂಡವನಿಗಿದೆ; ಅವನ ವಿಶೇಷಣವನ್ನು ಕವಿ ಕೇಡಿನ ಮೇಲೆಯೇ ಹೊರಿಸಿದ್ದಾನೆ.

ವಿಶೇಷಣ ವ್ಯಕ್ತಿಗೆ ಅಂಟಿಕೊಳ್ಳುವುದರಿಂದ ಏನು ಲಾಭ ಎಂದು ನೀವು ಕೇಳಬಹುದು. ಕ್ರಿ.ಪೂ. 428ರಲ್ಲಿ ಪ್ರಯೋಗಗೊಂಡ ಯೂರಿಪಿಡೀಸನ ‘ಹಿಪ್ಪೊಲಿಟಸ್’ ನಾಟಕದ ಒಂದು ಸಾಲನ್ನು ನೋಡಿ. ಮಲಮಗನ ಮೇಲೆ ಹುಟ್ಟಿದ ಪ್ರೇಮವನ್ನು ಯಾರಿಗೂ ಹೇಳಲಾರದೆ ಫೀದ್ರಾ ಹಾಸಿಗೆ ಹಿಡಿದಿದ್ದಾಳೆ. ಯಾರಾದರೂ ವೈರಿಗಳು ಮಾಟ ಮಾಡಿಸಿದ್ದಾರೆಯೇ ಎಂದು ದಾದಿ ಕೇಳುತ್ತಾಳೆ. ಇಲ್ಲ, ನನ್ನನ್ನು ಹಾಳುಮಾಡುತ್ತಿರುವವನು ನಮ್ಮವನೇ ಎಂದು ಹೇಳಿ ಫೀದ್ರಾ ‘ಊಖ್ ಹೆಕೂಸನ್ ಊಖ್ ಹೆಕೋನ್’ ಎಂದು ಸೇರಿಸುತ್ತಾಳೆ. ಇಲ್ಲಿ ‘ಊಖ್’ ಎಂದರೆ ‘ಅಲ್ಲ’. ಹೆಕೂಸನ್ ಎಂಬುದು ಸ್ತ್ರೀಲಿಂಗ ದ್ವಿತೀಯೆಯಾದ್ದರಿಂದ ಹಾಳಾಗುತ್ತಿರುವ ಅವಳಿಗೆ ಸೇರಿದ್ದು. ಹೆಕೋನ್ ಎಂಬುದು ಪುಲ್ಲಿಂಗ ಪ್ರಥಮೆಯಾದ್ದರಿಂದ ಹಾಳುಮಾಡುತ್ತಿರುವ ಅವನಿಗೆ ಸೇರಿದ್ದು. ‘ನನಗೂ ಇದು ಬೇಕಿಲ್ಲ, ಅವನಿಗೂ ಇದು ಬೇಕಿಲ್ಲ’ ಎಂದು ನಾವು ಎರಡು ವಾಕ್ಯಗಳಲ್ಲಿ ಹೇಳಬೇಕಾದದ್ದನ್ನು ಅವಳು ಒಂದೇ ಕ್ರಿಯಾಪದದ ಆಶ್ರಯದಲ್ಲಿ ಹೇಳಿಬಿಡುತ್ತಾಳೆ. ಕ್ರಿಯಾವಿಶೇಷಣಕ್ಕೆ ಇದು ಸಾಧ್ಯವಿಲ್ಲ, ಏಕೆಂದರೆ ಒಂದೇ ಕ್ರಿಯೆಯಲ್ಲಿ ಎರಡು ಕಡೆಯವರ ಮನಸ್ಸನ್ನು ಅದು ಬೇರ್ಪಡಿಸಿ ತೋರಿಸಲಾರದು.

ಇನ್ನೆರಡು ಪ್ರಯೋಗಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಸಂಸ್ಕೃತದ ಸತಿಸಪ್ತಮಿಯಂತೆ ಗ್ರೀಕ್ ಭಾಷೆಯಲ್ಲಿ ‘ಹೀಗಿರುವಾಗ’ ಎಂಬರ್ಥ ಕೊಡುವ, ಷಷ್ಠೀ ವಿಭಕ್ತಿಯ ಒಂದು ಸ್ವತಂತ್ರ ಪ್ರಯೋಗವಿದೆ. ಅಲ್ಲಿ ಬೇರೆ ಗುಣವಾಚಕಗಳಿಗೆ ‘ಇರುವ’ ಎಂಬ ಕೃದಂತದ ನೆರವು ಬೇಕಾದರೆ, ಹೆಕೋನ್ ಮತ್ತು ಆಕೋನ್ ಪದಗಳಿಗೆ ಬೇಕಾಗುವುದಿಲ್ಲ. ಅವು ತಾವೇ ಕೃದಂತಗಳೆಂಬ ನೆನಪು ಭಾಷೆಯಲ್ಲಿ ಉಳಿದಿತ್ತು. ಸೋಫೋಕ್ಲಿಸನ ‘ಏಜಾಕ್ಸ್’ ನಾಟಕದ ನಾಯಕ, ಶತ್ರುಗಳು ತಪ್ಪಿಸಿಕೊಂಡು ನಗುತ್ತಿದ್ದಾರೆಂದು ಕೊರಗುತ್ತಾ ‘ಎಮೂ ಊಖ್ ಹೆಕೊಂತೊಸ್’, ಅಂದರೆ ‘ನನಗೆ ಬೇಕಿಲ್ಲದಿದ್ದರೂ’, ಎನ್ನುತ್ತಾನೆ. ಇನ್ನೊಂದು, ನಿಷೇಧವಾಕ್ಯಗಳಲ್ಲಿ ಬರುವ ‘ಹೆಕೋನ್ ಎಯ್ನೈ’ ಎಂಬ ನುಡಿಗಟ್ಟು. ಅದರ ಅರ್ಥ ‘ನನ್ನ ಇಚ್ಛೆಯ ಮಟ್ಟಿಗೆ ಹೇಳುವುದಾದರೆ’.

ಇನ್ನು ಸಾಕ್ರೆಟಿಸನ ಮಾತು. ಪ್ಲೇಟೋ ಬರೆದ ‘ಪ್ರೊಟಾಗೊರಸ್’ ಸಂವಾದದಲ್ಲಿ ಸಿಮೋನಿಡೀಸ್ ಎಂಬ ಕವಿಯ ಪದ್ಯವೊಂದರ ಚರ್ಚೆ ಬರುತ್ತದೆ. ‘ಯಾರು ಹೆಕೋನ್ ಆಗಿ ಕೆಟ್ಟದ್ದನ್ನು ಮಾಡುವುದಿಲ್ಲವೋ ಅವರೆಲ್ಲರನ್ನೂ ಹೊಗಳುತ್ತೇನೆ, ಪ್ರೀತಿಸುತ್ತೇನೆ; ಅನಿವಾರ್ಯತೆಯೊಂದಿಗೆ ದೇವತೆಗಳೂ ಕಾದಾಡುವುದಿಲ್ಲ’ ಎಂಬುದು ಪದ್ಯದ ಸಹಜವಾದ ಅರ್ಥ. ಸಾಕ್ರೆಟಿಸ್ ಇದನ್ನು ಒಪ್ಪುವುದಿಲ್ಲ. ಬೇಕೆಂದು ಕೆಟ್ಟದ್ದನ್ನು ಮಾಡುವವರು ಇದ್ದಾರೆಂದು ಇಷ್ಟು ತಿಳಿದ ಕವಿ ಹೇಳಿರಲಾರ, ಆದ್ದರಿಂದ ಹೆಕೋನ್ ಎಂಬುದು ಮಾಡುವವನ ವಿಶೇಷಣವಾಗಿರದೆ ಹೊಗಳುವವನ ವಿಶೇಷಣವಾಗಿದೆ, ಎಂದರೆ ‘ನಾನು ಮನಸಾರೆ ಹೊಗಳುತ್ತೇನೆ’ ಎಂಬುದು ಅರ್ಥ, ಎಂದು ವಾದಿಸುತ್ತಾನೆ. ಮೂಲದಲ್ಲಿ ಹೊಗಳುವವನೂ ಪುಲ್ಲಿಂಗ ಏಕವಚನ, ಮಾಡುವವನೂ ಪುಲ್ಲಿಂಗ ಏಕವಚನ. ಪದವೂ ಎರಡು ಕ್ರಿಯಾಪದಗಳ ನಡುವೆ ನಿಂತಿದೆ. ಆದ್ದರಿಂದ ವ್ಯಾಕರಣ ಅವನ ವಾದಕ್ಕೆ ಅಡ್ಡ ಬರುವುದಿಲ್ಲ, ಆದರೆ ಪದ್ಯದ ಓಟ ಅಡ್ಡ ಬರುತ್ತದೆ. ನನ್ನ ಮಟ್ಟಿಗೆ ಇದು ಎಳೆದು ಮಾಡಿದ ಅರ್ಥ. ಆ ವಾದದ ನಡುವೆಯೇ ‘ಯಾವ ಮನುಷ್ಯನೂ ಹೆಕೊಂತ ಆಗಿ ತಪ್ಪುಮಾಡುತ್ತಾನೆಂದು ತಿಳಿದವರು ಯಾರೂ ಭಾವಿಸುವುದಿಲ್ಲ’ ಎಂಬ ವಾಕ್ಯ ಬರುತ್ತದೆ. ಪರೋಕ್ಷ ಕಥನವಾದ್ದರಿಂದ ಅಲ್ಲಿ ದ್ವಿತೀಯಾ ರೂಪವಿದೆ. ನಾವು ಉಲ್ಲೇಖಿಸಿದ್ದು ಆ ಮಾತಿನ ಪ್ರಚಲಿತವಾದ ಚಿಕ್ಕ ರೂಪ.

ಪ್ರಶ್ನೆ: ಹೆಕೋನ್ ಎಂಬ ಪದಕ್ಕೂ ಸಂಸ್ಕೃತಕ್ಕೂ ಸಂಬಂಧವಿದೆಯೇ? ರೂಪ ನೋಡಿದರೆ ಶತೃ ಪ್ರತ್ಯಯಾಂತದಂತೆ ಕಾಣುತ್ತದೆ, ಆದರೆ ಧಾತು ಯಾವುದೆಂದು ಹೊಳೆಯಲಿಲ್ಲ. (ನಿವೃತ್ತ ಸಂಸ್ಕೃತ ಅಧ್ಯಾಪಕರು, ಮೈಸೂರು)

ಉತ್ತರ: ಸಂಬಂಧವಿದೆ, ಮತ್ತು ತಾವು ಚೆನ್ನಾಗಿ ಬಲ್ಲ ಧಾತುವೇ ಅದು. ಪಾಣಿನೀಯ ಧಾತುಪಾಠದಲ್ಲಿ ‘ವಶ ಕಾಂತೌ’ ಎಂದು ಓದಿರುವ, ಬಯಸು ಎಂಬ ಅರ್ಥದ ‘ವಶ್’ ಧಾತು. ಹೆಕೋನ್ ಎಂಬುದಕ್ಕೆ ಸಂಸ್ಕೃತದಲ್ಲಿ ಸಾಟಿಯಾಗಿ ನಿಲ್ಲುವ ರೂಪ ಅದರ ಶತ್ರಂತವಾದ, ಅಂದರೆ ವರ್ತಮಾನ ಕೃದಂತವಾದ, ‘ಉಶನ್’.

ಮೇಲುನೋಟಕ್ಕೆ ಎರಡೂ ಬಹಳ ದೂರದವೆನ್ನಿಸುತ್ತವೆ. ಒಂದೊಂದೇ ಧ್ವನಿಯನ್ನು ಹಿಡಿದು ಹೋದರೆ ಹತ್ತಿರವಾಗುತ್ತವೆ. ಗ್ರೀಕ್ ಪದದ ಆದಿಯಲ್ಲಿ ಹಿಂದೆ ವಕಾರವಿತ್ತು. ಕೆಲವು ಗ್ರೀಕ್ ಉಪಭಾಷೆಗಳ ಶಾಸನಗಳಲ್ಲಿ ಅದನ್ನು ಕೆತ್ತಿಯೇ ಇದ್ದಾರೆ. ಹೋಮರನ ಪಠ್ಯದಲ್ಲಿ ಆ ಅಕ್ಷರ ಕಾಣುವುದಿಲ್ಲವಾದರೂ ಛಂದಸ್ಸಿನಲ್ಲಿ ಅದರ ಗುರುತು ಉಳಿದಿದೆ: ‘ದೋಕ ಹೆಕೋನ್’ ಎಂಬಲ್ಲಿ ಎರಡು ಸ್ವರಗಳ ನಡುವೆ ಲೋಪಸಂಧಿ ಆಗಬೇಕಿತ್ತು, ಆಗಿಲ್ಲ, ನಡುವೆ ಒಂದು ವ್ಯಂಜನ ನಿಂತಿತ್ತೆಂದು ಭಾವಿಸಿದರೆ ಮಾತ್ರ ಅದಕ್ಕೆ ವಿವರಣೆ ದೊರೆಯುತ್ತದೆ. ಇನ್ನು ಗ್ರೀಕ್ ‘ಎಕ್’ ಸಂಸ್ಕೃತದಲ್ಲಿ ‘ಅಶ್’ ಆಗುವುದಕ್ಕೆ ಸಾಕ್ಷಿ ಬೇಕಾದರೆ ಹತ್ತು ಎಂಬ ಸಂಖ್ಯೆಯನ್ನು ನೋಡಿದರೆ ಸಾಕು: ಅಲ್ಲಿ ‘ದೆಕ’, ಇಲ್ಲಿ ‘ದಶ’. ಹಾಗೆಯೇ ಅಲ್ಲಿ ‘ವೆಕ್’, ಇಲ್ಲಿ ‘ವಶ್’. ‘ವಶ್’ ಎಂಬುದು ‘ಉಶ್’ ಆದದ್ದು, ‘ವಚ್’ ಧಾತುವಿನಿಂದ ‘ಉಕ್ತ’ ಬಂದಂತೆ, ಸಂಪ್ರಸಾರಣದಿಂದ, ಅಂದರೆ ವಕಾರ ಉಕಾರವಾಗುವುದರಿಂದ. ಅದನ್ನು ವಿಧಿಸುವ ‘ಗ್ರಹಿಜ್ಯಾ’ ಎಂಬ ಸೂತ್ರದಲ್ಲಿ ‘ವಷ್ಟಿ’ ಎಂಬ ಹೆಸರೂ ಇದೆಯೆಂಬುದು ತಮಗೆ ತಿಳಿದೇ ಇದೆ. ಹಿಟ್ಟೈಟ್ ಭಾಷೆಯ ಜೇಡಿಮಣ್ಣಿನ ಫಲಕಗಳಲ್ಲಿಯೂ ಬೇಡು, ಕೇಳು ಎಂಬ ಅರ್ಥದ ‘ವೆಕ್’ ಧಾತು ಸಿಗುತ್ತದೆ. ಮೂರು ಭಾಷೆಗಳಲ್ಲಿ ಕ್ರಿಯಾಪದವನ್ನು ಪೂರ್ತಿಯಾಗಿ ಕಳೆದುಕೊಂಡದ್ದು ಗ್ರೀಕ್ ಒಂದೇ.

ಕಠೋಪನಿಷತ್ತು ಆರಂಭವಾಗುವುದೇ ಈ ಪದದಿಂದ: ‘ಉಶನ್ ಹ ವೈ ವಾಜಶ್ರವಸಃ ಸರ್ವವೇದಸಂ ದದೌ’. ನಚಿಕೇತನ ತಂದೆ ‘ಉಶನ್’ ಆಗಿ ತನ್ನದೆಲ್ಲವನ್ನೂ ದಾನ ಮಾಡಿದ. ಇದರ ಪಕ್ಕದಲ್ಲಿ ಹೋಮರನ ‘ಒಡಿಸ್ಸಿ’ಯ ನಾಲ್ಕನೆಯ ಸರ್ಗದ ಒಂದು ಸಣ್ಣ ಪ್ರಸಂಗವನ್ನು ಇಟ್ಟು ನೋಡಿ. ನೊಎಮೋನ್ ಎಂಬವನು ತನ್ನ ಹಡಗನ್ನು ಕಾವ್ಯದ ನಾಯಕ ಒಡಿಸ್ಯೂಸನ ಮಗ ಟೆಲಿಮಾಕಸನಿಗೆ ಕೊಟ್ಟಿದ್ದಾನೆ. ಎಲಿಸ್ ಪ್ರಾಂತದಲ್ಲಿ ತನ್ನ ಹನ್ನೆರಡು ಹೆಣ್ಣುಕುದುರೆಗಳಿವೆ, ಅಲ್ಲಿಗೆ ಹೋಗಬೇಕು, ಹಡಗು ಯಾವಾಗ ಮರಳುತ್ತದೆ ಎಂದು ವಿಚಾರಿಸುತ್ತಾ ಬರುತ್ತಾನೆ. ಟೆಲಿಮಾಕಸನ ತಾಯಿಯನ್ನು ಮದುವೆಯಾಗಲು ಹೊಂಚುಹಾಕಿರುವ, ಟೆಲಿಮಾಕಸ್ ಊರು ಬಿಟ್ಟದ್ದೇ ಗೊತ್ತಿಲ್ಲದ ಆಂಟಿನೊಅಸ್ ಬೆಚ್ಚಿಬಿದ್ದು, ‘ನೀನು ಅಎಕೋನ್ ಆಗಿರುವಾಗ ಬಲವಂತದಿಂದ ಹಡಗನ್ನು ಕಿತ್ತುಕೊಂಡನೋ, ಇಲ್ಲ ನೀನೇ ಹೆಕೋನ್ ಆಗಿ ಕೊಟ್ಟೆಯೋ?’ ಎಂದು ಕೇಳುತ್ತಾನೆ. ‘ನಾನೇ ಹೆಕೋನ್ ಆಗಿ ಕೊಟ್ಟೆ. ಅಂಥ ಮನುಷ್ಯ ಮನಸ್ಸಿನಲ್ಲಿ ಚಿಂತೆ ಹೊತ್ತು ಬಂದು ಬೇಡುವಾಗ ಯಾರಾದರೂ ಇನ್ನೇನು ಮಾಡಿಯಾರು? ಇಲ್ಲವೆನ್ನುವುದು ಕಷ್ಟ’ ಎಂಬುದು ನೊಎಮೋನನ ಉತ್ತರ. ಅವನ ಬಾಯಲ್ಲಿ ಬರುವ ‘ಕೊಟ್ಟೆ’ ಎಂಬರ್ಥದ ‘ದೋಕ’ ಮತ್ತು ಉಪನಿಷತ್ತಿನ ‘ದದೌ’ ಎರಡೂ ‘ದಾ’ ಧಾತುವಿನವು. ವೇದದ ಯಜ್ಞಶಾಲೆಯಲ್ಲಿಯೂ ಇಥಾಕಾ ದ್ವೀಪದ ಅಂಗಳದಲ್ಲಿಯೂ ‘ಇಚ್ಛೆಪಟ್ಟು ಕೊಟ್ಟನು’ ಎನ್ನಲು ಅದೇ ಎರಡು ಧಾತುಗಳು ಜೊತೆಗೂಡಿವೆ ಎಂಬುದನ್ನು ಮೊದಲು ಗಮನಿಸಿದ ದಿನ ನಾನು ಬಹಳ ಹೊತ್ತು ಆ ಪುಟದಿಂದ ಏಳಲಿಲ್ಲ.

ಅರ್ಥದಲ್ಲಿ ಮಾತ್ರ ಎರಡೂ ಸ್ವಲ್ಪ ಕವಲೊಡೆದಿವೆ. ಶಂಕರಾಚಾರ್ಯರು ‘ಉಶನ್’ ಎಂಬುದನ್ನು ‘ಕಾಮಯಮಾನಃ’ ಎಂದು ವಿವರಿಸುತ್ತಾರೆ; ಅಲ್ಲಿ ಫಲದ ಬಯಕೆ ಮುಖ್ಯ. ಹೆಕೋನ್ ಎನ್ನುವಾಗ ಬಯಕೆ ಇರಲೇಬೇಕೆಂದಿಲ್ಲ, ಇನ್ನೊಬ್ಬರ ಬಲವಂತ ಇಲ್ಲದಿದ್ದರೆ ಸಾಕು. ಸ್ತ್ರೀಲಿಂಗದ ‘ಉಶತೀ’ಯಲ್ಲಿ ಬಯಕೆ ಇನ್ನೂ ಗಾಢ: ಋಗ್ವೇದದ ಹತ್ತನೆಯ ಮಂಡಲದ 71ನೆಯ ಸೂಕ್ತದಲ್ಲಿ ವಾಗ್ದೇವಿಯು ತಿಳಿದವನೊಬ್ಬನಿಗೆ ತನ್ನನ್ನು ತಾನೇ ತೋರಿಸಿಕೊಳ್ಳುವುದನ್ನು ‘ಜಾಯೇವ ಪತ್ಯ ಉಶತೀ ಸುವಾಸಾಃ’ ಎಂದು ವರ್ಣಿಸಿದೆ. ಹೆಕೂಸ ಎಂಬ ಗ್ರೀಕ್ ರೂಪ ಈ ಉಶತಿಯ ಸೋದರಿ.

ಕನ್ನಡಿಗರು ದಿನವೂ ಬಳಸುವ ‘ವಶ’ ಎಂಬ ಪದವೂ ಇದೇ ಧಾತುವಿನದು. ಮೊದಲು ಇಚ್ಛೆ ಎಂಬ ಅರ್ಥವಿದ್ದದ್ದು ಮುಂದೆ ಹಿಡಿತ, ಅಧೀನ ಎಂಬುದಕ್ಕೆ ಸರಿಯಿತು. ಪರವಶನಾದವನು ಎಂದರೆ ಮೂಲತಃ ಇನ್ನೊಬ್ಬರ ಇಚ್ಛೆಯಲ್ಲಿ ಇರುವವನು. ಗೀತೆಯ ಮೂರನೆಯ ಅಧ್ಯಾಯದಲ್ಲಿ ‘ಕಾರ್ಯತೇ ಹ್ಯವಶಃ ಕರ್ಮ’ ಎನ್ನುವಲ್ಲಿನ ‘ಅವಶ’ ಪದವನ್ನು ಗ್ರೀಕಿನ ‘ಅಎಕೋನ್’ ಪದದ ಪಕ್ಕದಲ್ಲಿಡಬಹುದು. ನಿಷೇಧಾರ್ಥಕ ಉಪಸರ್ಗ ಸ್ವರದ ಮುಂದೆ ‘ಅನ್’, ವ್ಯಂಜನದ ಮುಂದೆ ‘ಅ’ ಆಗುವುದು ಎರಡೂ ಭಾಷೆಗಳ ನಿಯಮ: ಇಚ್ಛೆಗೆ ವಿರುದ್ಧ ಅನಿಚ್ಛೆ, ವಶಕ್ಕೆ ವಿರುದ್ಧ ಅವಶ. ಗ್ರೀಕ್ ಪದ ಸ್ವರದಿಂದಲೇ ಆರಂಭವಾಗುತ್ತಿದ್ದರೆ ಅದರ ವಿರುದ್ಧ ಪದ ‘ಅನೆಕೋನ್’ ಆಗಬೇಕಿತ್ತು. ಹಾಗಾಗದೆ ಬರಿಯ ‘ಅ’ ಬಂದಿರುವುದರಿಂದ, ಕಳೆದುಹೋದ ವಕಾರಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಂತಾಯಿತು.

ಪ್ರಶ್ನೆ: ಉದ್ದೇಶಪೂರ್ವಕ ಕೊಲೆಗೂ ಉದ್ದೇಶವಿಲ್ಲದ ಕೊಲೆಗೂ ನಮ್ಮ ಕಾನೂನಿನಲ್ಲಿರುವ ಭೇದ ಪ್ರಾಚೀನ ಅಥೆನ್ಸಿನಲ್ಲಿಯೂ ಇತ್ತೆ? ಇದ್ದರೆ ಅದನ್ನು ಈ ಪದಗಳಿಂದಲೇ ಹೇಳುತ್ತಿದ್ದರೆ? (ವಕೀಲರು, ಹುಬ್ಬಳ್ಳಿ)

ಉತ್ತರ: ಇತ್ತು, ಈ ಪದಗಳೂ ಬಳಕೆಯಾಗಿವೆ. ಕ್ರಿ.ಪೂ. 621ರ ಸುಮಾರಿಗೆ ಡ್ರಾಕೋ ಮಾಡಿದ ಕೊಲೆಯ ಕಾನೂನನ್ನು ಅಥೆನ್ಸಿನವರು ಕ್ರಿ.ಪೂ. 409-408ರಲ್ಲಿ ಮತ್ತೆ ಕಲ್ಲಿನಲ್ಲಿ ಕೆತ್ತಿಸಿದರು. ಆ ಕಲ್ಲು ಸವೆದ ಸ್ಥಿತಿಯಲ್ಲಿ ಈಗಲೂ ಅಥೆನ್ಸಿನ ಶಾಸನ ವಸ್ತುಸಂಗ್ರಹಾಲಯದಲ್ಲಿದೆ. ಪೂರ್ವಯೋಚನೆಯಿಲ್ಲದೆ ಕೊಂದವನೂ ದೇಶ ಬಿಟ್ಟು ಹೋಗಬೇಕು. ಆದರೆ ಸತ್ತವನ ತಂದೆ, ಸೋದರರು, ಮಕ್ಕಳು ಒಮ್ಮತದಿಂದ ಕ್ಷಮಿಸಿದರೆ ಮರಳಬಹುದು. ಹತ್ತಿರದ ನೆಂಟರು ಯಾರೂ ಇಲ್ಲದಿದ್ದರೆ, ಕೊಂದವನು ‘ಆಕೋನ್’ ಆಗಿ ಕೊಂದನೆಂದು ಐವತ್ತೊಂದು ಮಂದಿ ನ್ಯಾಯದರ್ಶಿಗಳು ತೀರ್ಮಾನಿಸಿದ ಮೇಲೆ, ಸತ್ತವನ ಬಳಗದ ಹತ್ತು ಜನ ಅವನನ್ನು ಒಳಗೆ ಬಿಟ್ಟುಕೊಳ್ಳಬಹುದು. ವಿಚಾರಣೆಯ ಜಾಗಗಳೂ ಬೇರೆ: ಬೇಕೆಂದು ಮಾಡಿದ ಕೊಲೆಗೆ ಅರಿಯೊಪಗಸ್ ಗುಡ್ಡ, ಬೇಕೆಂದು ಮಾಡದ ಕೊಲೆಗೆ ಪಲ್ಲಾಡಿಯನ್ ಎಂಬ ಇನ್ನೊಂದು ನ್ಯಾಯಸ್ಥಾನ.

ಇದರಲ್ಲಿ ಎಷ್ಟು ಜಟಿಲ ಪ್ರಶ್ನೆಗಳು ಹುಟ್ಟುತ್ತಿದ್ದವೆಂಬುದಕ್ಕೆ ಆಂಟಿಫಾನ್ ಎಂಬ ವಾಗ್ಮಿ ಅಭ್ಯಾಸಕ್ಕಾಗಿ ರಚಿಸಿದ ಒಂದು ವಾದಸರಣಿ ಉದಾಹರಣೆಯಾಗಿದೆ. ವ್ಯಾಯಾಮಶಾಲೆಯಲ್ಲಿ ಒಬ್ಬ ತರುಣ ಈಟಿ ಎಸೆಯುತ್ತಿದ್ದಾಗ ಒಬ್ಬ ಹುಡುಗ ಅಡ್ಡ ಓಡಿಬಂದು ಸತ್ತ. ಎಸೆದವನು ಎಲ್ಲರಂತೆ ಗುರಿಯತ್ತಲೇ ಎಸೆದ, ಓಡಿದವನೇ ತಪ್ಪಿದ ಎಂಬುದು ತರುಣನ ಪರವಾದ ವಾದ. ಬೇಕೆಂದು ಅಲ್ಲದಿದ್ದರೂ ಕೊಂದದ್ದು ಕೊಂದದ್ದೇ ಎಂಬುದು ಮಗನನ್ನು ಕಳೆದುಕೊಂಡ ತಂದೆಯ ವಾದ. ಇಂಥದೇ ಒಂದು ನಿಜವಾದ ಸಾವಿನ ಬಗ್ಗೆ, ತಪ್ಪು ಈಟಿಯದೋ, ಎಸೆದವನದೋ, ಕ್ರೀಡೆ ಏರ್ಪಡಿಸಿದವರದೋ ಎಂದು ಅಥೆನ್ಸಿನ ನಾಯಕ ಪೆರಿಕ್ಲಿಸ್ ಮತ್ತು ತತ್ತ್ವಜ್ಞಾನಿ ಪ್ರೊಟಾಗೊರಸ್ ಒಂದು ಇಡೀ ದಿನ ಚರ್ಚಿಸಿದರೆಂದು ಜೀವನಚರಿತ್ರೆಕಾರ ಪ್ಲುಟಾರ್ಕ್ ಬರೆಯುತ್ತಾನೆ. ಗ್ರೀಕ್ ಭಾಷೆಯಲ್ಲಿ ಈಟಿಗೂ ‘ಅಕೋನ್’ ಎಂಬ ಹೆಸರಿದೆ. ಮೊದಲ ಸ್ವರದ ಉದ್ದದಲ್ಲಿ ಮಾತ್ರ ಅದು ನಮ್ಮ ಪದದಿಂದ ಬೇರೆಯಾಗುತ್ತದೆ.

ವಕೀಲರಾದ ನಿಮಗೆ ಹೆಚ್ಚು ಉಪಯುಕ್ತವಾಗಬಹುದಾದದ್ದು ಅರಿಸ್ಟಾಟಲನ ವಿವೇಚನೆ. ‘ನಿಕೊಮಾಕಿಯನ್ ನೀತಿಶಾಸ್ತ್ರ’ದ ಮೂರನೆಯ ಭಾಗದ ಆರಂಭದಲ್ಲಿ ಅವನು ಬಲವಂತದಿಂದ ಆದದ್ದನ್ನೂ ಅಜ್ಞಾನದಿಂದ ಆದದ್ದನ್ನೂ ‘ಆಕೂಸಿಯೊಸ್’ ಎಂಬುದರ ಎರಡು ಬಗೆಗಳಾಗಿ ಎತ್ತಿಕೊಳ್ಳುತ್ತಾನೆ. ಬಿರುಗಾಳಿಗೆ ಸಿಕ್ಕ ಹಡಗಿನವರು ಸರಕನ್ನು ಸಮುದ್ರಕ್ಕೆ ಎಸೆಯುವುದು ಯಾವುದಕ್ಕೆ ಸೇರುತ್ತದೆ? ಸುಮ್ಮನೆ ಯಾರೂ ಸರಕನ್ನು ಎಸೆಯುವುದಿಲ್ಲ, ಜೀವ ಉಳಿಸಿಕೊಳ್ಳಲು ಬುದ್ಧಿಯಿರುವವರೆಲ್ಲ ಎಸೆಯುತ್ತಾರೆ; ಆದ್ದರಿಂದ ಅದು ಮಿಶ್ರವಾದದ್ದು, ಆದರೂ ಆ ಗಳಿಗೆಯಲ್ಲಿ ಆರಿಸಿಕೊಂಡು ಮಾಡಿದ್ದಾದ್ದರಿಂದ ಸ್ವೇಚ್ಛೆಯ ಕಡೆಗೇ ಹೆಚ್ಚು ವಾಲುತ್ತದೆ ಎನ್ನುತ್ತಾನೆ. ಅನಂತರ ಅವನು ಮಾಡುವ ಭೇದ ಇನ್ನೂ ಸೂಕ್ಷ್ಮ. ತಿಳಿಯದೆ ಒಂದು ಕೆಲಸ ಮಾಡಿ, ತಿಳಿದ ಮೇಲೆ ನೊಂದುಕೊಂಡವನು ಆಕೋನ್. ತಿಳಿಯದೆ ಮಾಡಿ, ತಿಳಿದ ಮೇಲೂ ನೋಯದವನನ್ನು ಹೆಕೋನ್ ಎನ್ನಲಾಗದು, ಏಕೆಂದರೆ ಅವನಿಗೆ ತಿಳಿದಿರಲಿಲ್ಲ. ಆಕೋನ್ ಎನ್ನಲೂ ಆಗದು, ಏಕೆಂದರೆ ಅವನಿಗೆ ನೋವಿಲ್ಲ. ಅವನನ್ನು ‘ಊಖ್ ಹೆಕೋನ್’, ಬರಿಯ ‘ಹೆಕೋನ್ ಅಲ್ಲದವನು’, ಎನ್ನೋಣ. ಬೇರೆಯವನಾದ್ದರಿಂದ ಅವನಿಗೆ ಬೇರೆಯ ಹೆಸರೇ ಇರಲಿ ಎನ್ನುತ್ತಾನೆ. ನಮ್ಮ ಮಾತಿನಲ್ಲಿಯೂ ‘ಬೇಕೆಂದು ಮಾಡಲಿಲ್ಲ’ ಎನ್ನುವುದಕ್ಕೂ ‘ಒಲ್ಲದೆ ಮಾಡಿದೆ’ ಎನ್ನುವುದಕ್ಕೂ ಅಂತರವಿದೆ. ಕಾಲು ತಾಗಿ ಪಕ್ಕದವರ ತಂಬಿಗೆ ಉರುಳಿದಾಗ ನಾವು ಮೊದಲನೆಯದನ್ನು ಹೇಳುತ್ತೇವೆಯೇ ಹೊರತು ಎರಡನೆಯದನ್ನು ಹೇಳುವುದಿಲ್ಲ.

ಪತ್ರವ್ಯವಹಾರಗಳಲ್ಲಿಯೂ ಈ ಪದಕುಟುಂಬ ದೀರ್ಘಕಾಲ ಬಾಳಿತು. ನಮ್ಮ ಕಡೆ ದಾನಪತ್ರ ಬರೆಸುವಾಗ ‘ಯಾರ ಒತ್ತಾಯವೂ ಇಲ್ಲದೆ ಸ್ವಸಂತೋಷದಿಂದ ಬರೆದುಕೊಟ್ಟಿರುತ್ತೇನೆ’ ಎಂದು ಸೇರಿಸುತ್ತಾರಲ್ಲವೆ? ಕ್ರಿ.ಶ. ಆರನೆಯ ಶತಮಾನದ ಈಜಿಪ್ಟಿನ ಗ್ರೀಕ್ ಕರಾರುಪತ್ರಗಳಲ್ಲಿ, ಪಪೈರಸ್ ಹಾಳೆಗಳ ಮೇಲೆ, ಅದೇ ಜಾಗದಲ್ಲಿ ‘ಹೆಕೂಸಿಯೊಸ್’ ಆದ ಮನಸ್ಸಿನಿಂದ ಎಂಬ ಒಕ್ಕಣೆ ಬರುತ್ತದೆ.

ಪ್ರಶ್ನೆ: ಗ್ರೀಕ್ ಕೃತಿಗಳನ್ನು ಕನ್ನಡಕ್ಕೆ ತರುವಾಗ ಹೆಕೋನ್, ಅಎಕೋನ್ ಎಂಬ ಜೋಡಿಗೆ ಯಾವ ಪದಗಳನ್ನು ಬಳಸಬೇಕು? ‘ಸ್ವಇಚ್ಛೆಯಿಂದ’ ಎಂದು ಎಲ್ಲ ಕಡೆ ಬರೆದರೆ ಕಚೇರಿಯ ಕಾಗದದಂತೆ ಕಾಣುತ್ತದೆ. (ಅನುವಾದಕರು, ಮಂಗಳೂರು)

ಉತ್ತರ: ನಿಮ್ಮ ಅಸಮಾಧಾನ ನ್ಯಾಯವಾದದ್ದು. ‘ಸ್ವಇಚ್ಛೆಯಿಂದ’, 'ಸ್ವಯಂಪ್ರೇರಣೆಯಿಂದ' ಎಂಬವನ್ನು ಕಾನೂನು ಮತ್ತು ತತ್ತ್ವಶಾಸ್ತ್ರದ ಬರಹಗಳಿಗೆ ಬಿಟ್ಟುಬಿಡಿ. ಕಾವ್ಯಕ್ಕೆ ಕನ್ನಡದ್ದೇ ಆದ ಒಂದು ಜೋಡಿಯಿದೆ: ಒಲಿದು, ಒಲ್ಲದೆ. ಎರಡೂ ಒಂದೇ ‘ಒಲ್’ ಎಂಬ ಬೇರಿನವು, ಎರಡೂ ಕೃದಂತಗಳು, ಒಂದು ಇನ್ನೊಂದರ ನಿಷೇಧ; ಗ್ರೀಕ್ ಜೋಡಿಯ ಕಟ್ಟಡವೂ ಹಾಗೆಯೇ ಇದೆ. ‘ಒಲಿದು’ ಎಂಬುದರಲ್ಲಿ ಇಂದು ಪ್ರೀತಿಯ, ಕೃಪೆಯ ಛಾಯೆ ಹೆಚ್ಚಾಗಿರುವುದರಿಂದ ಅದನ್ನು ಎಲ್ಲ ಕಡೆಯೂ ಬಳಸಲಾಗುವುದಿಲ್ಲ. ಅಂಥಲ್ಲಿ ‘ತಾನಾಗಿಯೇ’ ಅಥವಾ ‘ಮನಸಾರೆ’ ಒದಗುತ್ತದೆ. ತಪ್ಪಿನ ಮಾತು ಬಂದಾಗ ‘ಬೇಕೆಂದೇ’ ಎಂಬುದನ್ನು ಮೀರಿಸಿದ್ದಿಲ್ಲ. ಎಸ್ಕಿಲಸನದೆಂದು ಪರಂಪರೆ ಹೇಳುವ ‘ಬಂಧಿತ ಪ್ರಮೀಥಿಯಸ್’ ನಾಟಕದಲ್ಲಿ ಬಂಡೆಗೆ ಬಿಗಿಸಿಕೊಂಡ ನಾಯಕ ‘ಹೆಕೋನ್ ಹೆಕೋನ್ ಹೇಮರ್ತೊನ್’ ಎಂದು ಒಂದೇ ಪದವನ್ನು ಎರಡು ಸಲ ಹೇಳುತ್ತಾನೆ. ‘ಬೇಕೆಂದೇ, ಹೌದು, ಬೇಕೆಂದೇ ತಪ್ಪು ಮಾಡಿದೆ, ಇಲ್ಲವೆನ್ನುವುದಿಲ್ಲ’ ಎಂದರೆ ಆ ಬಿರುಸು ಕನ್ನಡದಲ್ಲಿಯೂ ಉಳಿಯುತ್ತದೆ.

‘ಒಲ್ಲದೆ’ ಎಂಬುದಕ್ಕೆ ಯಾವ ತೊಡಕೂ ಇಲ್ಲ. ‘ನಾ ಒಲ್ಲೆ’ ಎಂಬುದು ಉತ್ತರ ಕರ್ನಾಟಕದ ಮನೆಮನೆಯ ಮಾತು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಸಿಗುವ ಗಾದೆ ನಾಡಿಗೆಲ್ಲ ಗೊತ್ತು. ಹೋಮರನಲ್ಲಿ ಸಾರಥಿ ಚಾವಟಿ ಬೀಸಿದಾಗಲೆಲ್ಲ ಜೋಡಿಕುದುರೆಗಳು ‘ಊಕ್ ಅಎಕೊಂತೆ’ ಹಾರಿದವು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೊನೆಯ ಎಕಾರ ದ್ವಿವಚನದ ಗುರುತು. ‘ಒಲ್ಲೆವೆನ್ನದೆ ಹಾರಿದವು ಎರಡೂ’ ಎಂದರೆ ಅದರ ನಿಷೇಧವೂ ದ್ವಿವಚನವೂ ಬಂದಂತಾಗುತ್ತದೆ.

ಎರಡೂ ಪದಗಳು ಒಂದೇ ಸಾಲಿನಲ್ಲಿ ಬರುವ ಕಡೆ ಎಲ್ಲ ಅನುವಾದಕರಿಗೂ ಕಷ್ಟವಾಗುತ್ತದೆ. ‘ಇಲಿಯಡ್’ ಕಾವ್ಯದ ನಾಲ್ಕನೆಯ ಸರ್ಗದಲ್ಲಿ, ತನಗೆ ಎಲ್ಲಕ್ಕಿಂತ ಪ್ರಿಯವಾದ ಟ್ರಾಯ್ ನಗರವನ್ನು ನಾಶಕ್ಕೆ ಬಿಟ್ಟುಕೊಡುವ ಸ್ಯೂಸ್ ದೇವ, ಹೆಂಡತಿ ಹೀರಾಳಿಗೆ, ಮುಂದೊಂದು ದಿನ ನಿನಗೆ ಪ್ರಿಯವಾದ ಊರನ್ನು ನಾನು ಕೆಡಹುವಾಗ ನೀನು ಅಡ್ಡ ಬರಬಾರದು ಎಂದು ಹೇಳಿ, ಕಾರಣ ಕೊಡುತ್ತಾನೆ: ‘ದೋಕ ಹೆಕೋನ್ ಅಎಕೊಂತಿ ಗೆ ಥೂಮೋ’. ಹೆಕೋನ್ ಎಂಬುದು ಪ್ರಥಮೆ, ಅವನಿಗೆ ಸೇರಿದ್ದು. ಅಎಕೊಂತಿ ಎಂಬುದು ಚತುರ್ಥಿ, ಅವನ ಮನಸ್ಸಿಗೆ ಸೇರಿದ್ದು. ಬಲವಂತ ಮಾಡುವವರು ಮೇಲೆ ಯಾರೂ ಇಲ್ಲದ ದೇವರು ತಾನಾಗಿಯೇ ಕೊಟ್ಟಿದ್ದಾನೆ, ಅವನ ಎದೆ ಮಾತ್ರ ಒಪ್ಪಿಲ್ಲ. ಇಂಗ್ಲಿಷಿನವರು ಇಲ್ಲಿ ಸುತ್ತಿ ಬಳಸಿ ಹೇಳಬೇಕಾಗುತ್ತದೆ. ನಮ್ಮಲ್ಲಿ ‘ಒಲ್ಲದ ಮನಸ್ಸು’ ಎಂಬ ನುಡಿಗಟ್ಟು ಹೋಮರನ ‘ಅಎಕೊಂತಿ ಥೂಮೋ’ ಎಂಬುದಕ್ಕೆ ಪದಕ್ಕೆ ಪದ ಹೊಂದುವಂತೆ ಮೊದಲೇ ಸಿದ್ಧವಾಗಿದೆ. ನಾನಾದರೆ ಆ ಸಾಲನ್ನು ಹೀಗೆ ಬರೆಯುತ್ತೇನೆ: ‘ನಾನೂ ನಿನಗೆ ಕೊಟ್ಟಿದ್ದೇನೆ, ನಾನಾಗಿಯೇ ಕೊಟ್ಟಿದ್ದೇನೆ, ಒಲ್ಲದ ಮನಸ್ಸಿನಿಂದ.’